ಮುಶಿಗೇರಿಯ ಖವಾ ಮತ್ತು ಹಸಿರು ದೀಪ

ಮುಶಿಗೇರಿಗೆ ನಾನು ಮೊದಲ ಸಲ ಹೋದದ್ದು ಎಮ್ಮೆಯ ಹಾಲಿಗಾಗಿ. ಧಾರವಾಡದ ನಮ್ಮ ಪ್ರಯೋಗಾಲಯದಲ್ಲಿ ಆಗ ಹಾಲಿನೊಳಗಿನ ಕೆಟ್ಟ ಬ್ಯಾಕ್ಟೀರಿಯಾ ಹಿಡಿಯುವ ಒಂದು ಜೈವಿಕ ಸಂವೇದಕ ತಯಾರಾಗುತ್ತಿತ್ತು. ನೋಡಲು ದೊಡ್ಡದೇನಲ್ಲ. ಬೆರಳಗಲದ ಒಂದು ಪಟ್ಟಿ, ಅದನ್ನು ಸಿಕ್ಕಿಸಲು ಅಂಗೈಯಲ್ಲಿ ಹಿಡಿಯುವಂಥ ಒಂದು ಪೆಟ್ಟಿಗೆ. ಪಟ್ಟಿಯ ತುದಿಯಲ್ಲಿ ಇಂಗಾಲದ ಮಸಿಯಿಂದ ಅಚ್ಚು ಹಾಕಿದ ಗೆರೆಗಳು, ಅವುಗಳ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳು, ಕಣಗಳಿಗೆ ಅಂಟಿಸಿದ ಪ್ರತಿಕಾಯಗಳು. ಕೆಚ್ಚಲು ಬಾವು ಬಂದ ಎಮ್ಮೆಯಿಂದಲೋ ಹಿಂಡುವವರ ಕೈಯ ಗಾಯದಿಂದಲೋ ಹಾಲಿಗೆ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಸೇರುತ್ತದೆ. ಹನಿ ಹಾಲು ಹಾಕಿದರೆ ಪ್ರತಿಕಾಯಗಳು ಅದರ ಮೈಯನ್ನು ಗುರುತಿಸಿ ಹಿಡಿದುಕೊಳ್ಳುತ್ತವೆ. ಹಿಡಿದಷ್ಟೂ ಗೆರೆಗಳ ನಡುವಿನ ವಿದ್ಯುತ್ತಿಗೆ ಅಡ್ಡಿ. ಆ ಅಡ್ಡಿಯನ್ನು ಪೆಟ್ಟಿಗೆ ಅಳೆದು ಅಂಕಿಯಾಗಿ ತೋರಿಸುತ್ತದೆ. ಇದೇ ಪರೀಕ್ಷೆಗೆ ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡಬೇಕೆಂದರೆ ಎರಡು ದಿನ. ನಮ್ಮದಕ್ಕೆ ಇಪ್ಪತ್ತು ನಿಮಿಷ.

ಪ್ರಯೋಗಾಲಯದಲ್ಲಿ ಪ್ಯಾಕೆಟ್ಟಿನ ಹಾಲಿಗೆ ಅದು ಚೆನ್ನಾಗಿ ಕೆಲಸ ಮಾಡಿತ್ತು. ಊರಿನ ಹಾಲಿಗೆ ಮಾಡಲಿಲ್ಲ. ಬೆಳವಣಕಿ, ಪುರ್ತಗೇರಿ, ಮುಶಿಗೇರಿಗಳಿಂದ ತಂದ ಎಮ್ಮೆ ಹಾಲಿನ ಜಿಡ್ಡು ಗೆರೆಗಳ ಮೇಲೆ ಪದರವಾಗಿ ಕೂತುಬಿಡುತ್ತಿತ್ತು. ಜಿಡ್ಡು ತಡೆದ ವಿದ್ಯುತ್ತನ್ನೂ ಪೆಟ್ಟಿಗೆ ಬ್ಯಾಕ್ಟೀರಿಯಾದ ಲೆಕ್ಕಕ್ಕೇ ಸೇರಿಸುತ್ತಿತ್ತು. ಹಾಗಾಗಿ ಶುದ್ಧ ಹಾಲೂ ಕೆಟ್ಟ ಹಾಲೆಂದೇ ಬರುತ್ತಿತ್ತು. ಗಜೇಂದ್ರಗಡದಲ್ಲಿ ಹಾಲು ಸಂಗ್ರಹಿಸುವ ಕಟ್ಟಡವೊಂದರ ಹಿಂದಿನ ಕೋಣೆಯನ್ನು ನಮಗೆ ಬಿಟ್ಟುಕೊಟ್ಟಿದ್ದರು. ಕಿಟಕಿ ತೆರೆದರೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುತ್ತಿದ್ದವು, ಆದರೆ ತೆರೆಯುವಂತಿರಲಿಲ್ಲ, ಧೂಳು ನುಗ್ಗುತ್ತಿತ್ತು. ಆ ಕೋಣೆಯಲ್ಲಿ ನಾಲ್ಕು ತಿಂಗಳು ನಾನು ಜಿಡ್ಡಿನ ಜೊತೆ ಗುದ್ದಾಡಿದೆ. ಜಿಡ್ಡು ಒಡೆಯಲು ಸಾಬೂನಿನಂಥ ದ್ರವ ಬೆರೆಸಿದರೆ ಪ್ರತಿಕಾಯಗಳೇ ಕಿತ್ತುಬರುತ್ತಿದ್ದವು. ಕಡಿಮೆ ಬೆರೆಸಿದರೆ ಜಿಡ್ಡು ಉಳಿಯುತ್ತಿತ್ತು. ಕೊನೆಗೆ ಎರಡು ಪದರದ ಸೋಸುವ ಕಾಗದ, ಅದರ ಮೇಲೆ ಉಪ್ಪುನೀರಿನಿಂದ ಮೂರು ಸಲ ತೊಳೆಯುವುದು ಎಂದಾದಾಗ ಅಂಕಿಗಳು ತಟ್ಟೆಯ ಫಲಿತಾಂಶಕ್ಕೆ ಹೊಂದತೊಡಗಿದವು. ಅಷ್ಟರಲ್ಲಿ ಬೇಸಿಗೆ ಬಂತು. ಬಿಸಿಲಿಗೆ ಪಟ್ಟಿಗಳು ಸತ್ತವು. ಒಂದು ಬಗೆಯ ಸಕ್ಕರೆಯ ದ್ರಾವಣದಲ್ಲಿ ಒಣಗಿಸಿಟ್ಟರೆ ಪ್ರತಿಕಾಯಗಳು ಸೆಕೆ ತಡೆಯುತ್ತವೆಂದು ಗೊತ್ತಾಗಲು ಇನ್ನೆರಡು ತಿಂಗಳು ಹೋಯಿತು.

ಈ ಎಲ್ಲ ದಿನಗಳಲ್ಲಿ ನನಗೆ ಬೇಸರವಿಲ್ಲದೆ ಹಾಲು ಕೊಟ್ಟವರು ಮುಶಿಗೇರಿಯ ಒಬ್ಬ ಹೆಣ್ಣುಮಗಳು. ನನಗಿಂತ ಹತ್ತು ವರ್ಷ ದೊಡ್ಡವರು, ಗಂಡ ತೀರಿಕೊಂಡಿದ್ದರು. ನಾನವರನ್ನು ಅಕ್ಕ ಎನ್ನುತ್ತಿದ್ದೆ, ಇಲ್ಲಿಯೂ ಹಾಗೇ ಬರೆಯುತ್ತೇನೆ. ಮನೆಯಲ್ಲಿ ಅಕ್ಕ, ಅವರ ಅತ್ತೆ, ಆರು ಎಮ್ಮೆ. ಹಾಲನ್ನು ಇಬ್ಬರೂ ದೊಡ್ಡ ಕಡಾಯಿಯಲ್ಲಿ ಬತ್ತಿಸಿ ಖವಾ ಮಾಡಿ ಗಜೇಂದ್ರಗಡದ ಮಿಠಾಯಿ ಅಂಗಡಿಗಳಿಗೆ ಕಳಿಸುತ್ತಿದ್ದರು. ಅತ್ತೆಯನ್ನು ಎಲ್ಲರೂ ಆಯಿ ಅನ್ನುತ್ತಿದ್ದರು. ಕೈಯಲ್ಲಿ ಬಲವಿಲ್ಲದಿದ್ದರೂ ಒಲೆಯ ಪಕ್ಕದ ಮಣೆ ಬಿಟ್ಟು ಏಳುತ್ತಿರಲಿಲ್ಲ. ಬತ್ತುವ ಹಾಲಿನ ಸಪ್ಪಳ ಕೇಳಿಯೇ, ‘ಉರಿ ತಗಿ, ತಳ ಹಿಡಿಯಾಕತ್ತೈತಿ’ ಎನ್ನುತ್ತಿದ್ದರು.

ಮೊದಮೊದಲು ಆಯಿಗೆ ನನ್ನ ಮೇಲೆ ಸಂಶಯವಿತ್ತು. ‘ನಮ್ಮ ಹಾಲಿನ್ಯಾಗ ಏನ ಕೆಟ್ಟ ಹುಡುಕ್ತಿ ತಂಗಿ?’ ಎಂದು ಕೇಳಿದ್ದರು. ಒಮ್ಮೆ ಆರು ಎಮ್ಮೆಗಳ ಹಾಲನ್ನೂ ಬೇರೆಬೇರೆ ಪಟ್ಟಿಗೆ ಹಾಕಿದೆ. ಕೊಂಬು ಮುರಿದ ಎಮ್ಮೆಯ ಹಾಲಿಗೆ ಮಾತ್ರ ಅಂಕಿ ಜಿಗಿಯಿತು. ಕೆಚ್ಚಲು ನೋಡಿದರೆ ಬಾವಿಲ್ಲ, ಹಾಲು ನೋಡಿದರೆ ಒಡೆದಿಲ್ಲ. ಅಕ್ಕ ನಂಬಲಿಲ್ಲ. ಎರಡು ದಿನ ಬಿಟ್ಟು ತಟ್ಟೆಯನ್ನೇ ಒಯ್ದು ತೋರಿಸಿದೆ. ಕಪ್ಪು ಚುಕ್ಕೆಗಳು, ಪ್ರತಿ ಚುಕ್ಕೆಯ ಸುತ್ತ ತಿಳಿಯಾದ ಬಳೆ. ಪಶುವೈದ್ಯರು ಬಂದು ನೋಡಿ ಒಳಗೊಳಗೇ ಬಾವು ಶುರುವಾಗಿದೆ ಎಂದು ಔಷಧ ಕೊಟ್ಟರು. ಆವತ್ತಿನಿಂದ ಆಯಿ ನನಗೆ ರೊಟ್ಟಿ ತಿನ್ನಿಸದೆ ಕಳಿಸಲಿಲ್ಲ.

ಪೆಟ್ಟಿಗೆಯ ಅಂಕಿಗಳನ್ನು ಕಂಡು ಆಯಿ ಒಂದು ಮಾತು ಕೇಳಿದರು.

‘ಇದು ಏನ ಹೇಳತೈತಿ?’

‘ಎರಡು ನೂರಾ ಹದಿನೆಂಟು ಅಂತ, ಆಯಿ.’

‘ಅಂದ್ರ ಚಲೋನೋ ಕೆಟ್ಟದ್ದೋ?’

‘ಚಲೋ. ಮುನ್ನೂರು ದಾಟಿದ್ರ ಕೆಟ್ಟದ್ದು.’

‘ನಮಗ್ಯಾಕ ಬೇಕವ್ವಾ ಆ ಲೆಕ್ಕಾ? ಚಲೋ ಇದ್ರ ಹಸರ ದೀಪ, ಕೆಟ್ಟಿದ್ರ ಕೆಂಪ ದೀಪ. ಅಷ್ಟ ಮಾಡಿಕೊಡು. ಕಣ್ಣ ಮಂಜಾದಾಕಿಗೂ ತಿಳಿತೈತಿ.’

ಅದು ಎಷ್ಟು ಸರಿಯಾದ ಮಾತು ಎನಿಸಿತು! ಧಾರವಾಡಕ್ಕೆ ಹೋಗಿ ವಿಭಾಗದ ಮುಖ್ಯಸ್ಥರಿಗೆ ಹೇಳಿದೆ. ಅವರಿಗೂ ಹಿಡಿಸಿತು. ಒಂದು ವಾರದಲ್ಲಿ ಅಂಕಿ ತೆಗೆದು ಎರಡು ದೀಪ ಕೂಡಿಸಿದೆವು. ಜನರ ಕೈಯಲ್ಲೇ ಕೊಟ್ಟು ನೋಡುವ ಹಂತಕ್ಕೆ ಸಾಧನ ಬಂದಿದೆ ಎಂದು ಮುಖ್ಯಸ್ಥರು ತೀರ್ಮಾನಿಸಿದರು. ಒಂದು ಪೆಟ್ಟಿಗೆ, ಅರವತ್ತು ಪಟ್ಟಿ ಅಕ್ಕನ ಮನೆಗೆ ಬಂದವು. ಪೆಟ್ಟಿಗೆಯ ಮುಚ್ಚಳದ ಒಳಗೆ ಕನ್ನಡದಲ್ಲಿ ಬರೆದು ಅಂಟಿಸಿದ್ದೆ: ‘ಹಸಿ ಹಾಲಿಗೆ ಮಾತ್ರ.’ ಬಾಯಿಂದಲೂ ಒಮ್ಮೆ ಹೇಳಿದೆ. ಯಾಕೆ ಎಂದು ಹೇಳಲಿಲ್ಲ. ಅಕ್ಕ ಕೇಳಲೂ ಇಲ್ಲ.

ಮೂರು ವಾರ ಎಲ್ಲ ಸುರಳೀತವಾಗಿ ನಡೆಯಿತು. ಅಕ್ಕ ದಿನಕ್ಕೆ ಎರಡು ಪಟ್ಟಿ ಬಳಸಿ ದೀಪದ ಬಣ್ಣವನ್ನು ಫೋನಿನಲ್ಲಿ ಹೇಳುತ್ತಿದ್ದರು. ಅದೇ ಹಾಲಿನ ಮಾದರಿಯನ್ನು ನಾನು ತಟ್ಟೆಯಲ್ಲಿ ಬೆಳೆಸುತ್ತಿದ್ದೆ. ಒಂದೂ ತಪ್ಪಿರಲಿಲ್ಲ.

ಅಕ್ಕನ ಒಬ್ಬಳೇ ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಇಟ್ಟುಕೊಂಡರು. ನನ್ನನ್ನೂ ಕರೆದಿದ್ದರು, ನರಗುಂದದಲ್ಲಿ ತಂದೆಯ ಕಣ್ಣಿನ ಆಪರೇಶನ್ ಇದ್ದುದರಿಂದ ಹೋಗಲಾಗಲಿಲ್ಲ. ಆ ದಿನ ಮಧ್ಯಾಹ್ನ ಮೂರರ ಹೊತ್ತಿಗೆ ಅಕ್ಕನ ಫೋನು ಬಂತು. ಮಾತಿಗಿಂತ ಏದುಸಿರೇ ಹೆಚ್ಚು ಕೇಳುತ್ತಿತ್ತು.

‘ಮೇಡಮ್ಮಾರ, ಪೇಢೆ ತಿಂದಾರೆಲ್ಲಾ ವಾಂತಿ ಮಾಡ್ಕೊಳ್ಳಾಕತ್ತಾರ್ರಿ. ಬೀಗರು, ಹುಡುಗೂರು, ಆಯಿ, ಎಲ್ಲಾರೂ. ಲಗೂ ಬರ್ರಿ.’

ನರಗುಂದದಿಂದ ರೋಣದ ಮೇಲೆ ಗಜೇಂದ್ರಗಡಕ್ಕೆ ಹೋಗುವ ಆ ದಾರಿ ನನಗೆ ಅಂಗೈ ಗೆರೆಯಷ್ಟು ಪರಿಚಿತ. ಆವತ್ತು ಏನು ದಾಟಿದೆ, ಏನು ಕಂಡೆ ಒಂದೂ ನೆನಪಿಲ್ಲ. ‘ದೀಪ ಯಾವುದಿತ್ತು, ದೀಪ ಯಾವುದಿತ್ತು’ ಎಂಬುದೊಂದೇ ತಲೆಯಲ್ಲಿತ್ತು. ಕೆಂಪಿದ್ದರೂ ಬಳಸಿರಲಿ ಎಂದು ಬಯಸಿದೆ. ಹಾಗೆ ಬಯಸಿದ್ದು ನಿಜ, ಮುಚ್ಚಿಡುವುದಿಲ್ಲ.

ದವಾಖಾನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಿಸಿದ್ದರು. ಪ್ರಾಯದವರು ಸಂಜೆಯ ಹೊತ್ತಿಗೆ ಎದ್ದು ಕುಳಿತರು, ಮಕ್ಕಳೂ ಚೇತರಿಸಿಕೊಂಡರು. ಆಯಿಗೆ ಮಾತ್ರ ಸಲೈನ್ ಏರುತ್ತಿದ್ದರೂ ಬಿಪಿ ಏರುತ್ತಿರಲಿಲ್ಲ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ‘ಹಾರ್ಟ್ ಮೊದಲಿಂದನೂ ವೀಕ್ ಐತ್ರಿ ಇವರದು. ಮೈಯಾಗಿನ ನೀರ ಭಾಳ ಹೋಗೈತಿ. ನೋಡೋಣು’ ಅಂದರು.

ಅಕ್ಕ ಗೋಡೆಗೆ ಆತು ಕುಳಿತಿದ್ದರು. ನಾನು ಕೇಳುವ ಮೊದಲೇ ಹೇಳಿದರು.

‘ಹಸರ ಇತ್ರಿ. ಎರಡ ಸಲ ನೋಡೀನಿ.’

ಆಮೇಲೆ ಸ್ವಲ್ಪಸ್ವಲ್ಪವಾಗಿ ತಿಳಿಯಿತು. ಕಾರ್ಯಕ್ಕೆ ಮನೆಯ ಹಾಲು ಸಾಲದೆಂದು ಹಿಂದಿನ ದಿನ ಸಂಜೆ ಬೀಗರು ತಮ್ಮೂರಿನಿಂದ ಒಂದು ಕ್ಯಾನು ಹಾಲು ತಂದಿದ್ದರು. ಅದು ಸೆಕೆಯ ಕೋಣೆಯಲ್ಲಿ ಹಾಗೇ ಕೂತಿತ್ತು. ಬೆಳಿಗ್ಗೆ ಅಕ್ಕ ಎದ್ದು ಬರುವಷ್ಟರಲ್ಲಿ ಬೀಗಿತ್ತಿ ಕೈಯಾಸರೆಗೆಂದು ಅದನ್ನು ಕಡಾಯಿಗೆ ಸುರಿದು ಒಲೆ ಹೊತ್ತಿಸಿಬಿಟ್ಟಿದ್ದರು. ಹಸಿ ಹಾಲು ನೋಡಲು ಆಗಲಿಲ್ಲ. ಖವಾ ಆದ ಮೇಲೆ ಅಕ್ಕ ಅದನ್ನೇ ಚೂರು ತೆಗೆದು ನೀರಿನಲ್ಲಿ ಕದಡಿ ಪಟ್ಟಿಗೆ ಹಾಕಿ, ಹಸಿರು ಕಂಡ ಮೇಲೆ ಪೇಢೆ ಕಟ್ಟಿದ್ದರು.

‘ಹಸಿ ಹಾಲಿಗೆ ಮಾತ್ರ ಅಂತ ಬರದಿದ್ದೆ ಅಕ್ಕಾರ.’

‘ಓದೀನ್ರಿ. ಬಿಸಿ ಹಾಕಿದ್ರ ಪಟ್ಟಿ ಸುಡತೈತಿ, ಅದಕ್ಕ ಹಂಗ ಬರದಾರ ಅಂತ ತಿಳಿದ್ನಿ. ಅದಕ್ಕ ಖವಾ ಪೂರಾ ಆರಿಸಿ, ತಣ್ಣೀರಾಗ ಕದಡಿ ಹಾಕೀನ್ರಿ.’

ಅವರು ಎಚ್ಚರ ತಪ್ಪಿರಲಿಲ್ಲ. ನನ್ನ ಬರಹಕ್ಕೆ ತಮಗೆ ಹೊಳೆದ ಅರ್ಥ ಹಚ್ಚಿ, ಆ ಅರ್ಥದ ಪ್ರಕಾರ ಪೂರ್ತಿ ಎಚ್ಚರದಿಂದ ನಡೆದುಕೊಂಡಿದ್ದರು.

ಮರುದಿನ ಆಯಿಗೆ ಕೊಂಚ ಎಚ್ಚರವಾಯಿತು. ನನ್ನ ಗುರುತು ಹಿಡಿದರು.

‘ಹುಡುಗೂರು ಹ್ಯಾಂಗದಾವು ತಂಗಿ?’

‘ಆರಾಮ ಅದಾವ ಆಯಿ. ಮನಿಗೆ ಹೋಗ್ಯಾವ.’

‘ನಾ ಎರಡ ತಿಂದೆ. ಮೊಮ್ಮಗಳ ಕೂಸಿನ ಪೇಢೆ ಅಂತ ಎರಡ ತಿಂದೆ.’ ನನ್ನ ಕಡೆ ಹೊರಳಿ, ‘ದೀಪ ಹಸರ ಇತ್ತಂತಲ್ಲ?’

‘ಇತ್ತಂತ, ಆಯಿ.’

ಮೂರನೆಯ ದಿನ ಬೆಳಿಗ್ಗೆ ಆಯಿ ತೀರಿಕೊಂಡರು.

ಉಳಿದ ಖವಾವನ್ನು ನಾನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಧಾರವಾಡಕ್ಕೆ ತಂದಿದ್ದೆ. ಅಂತ್ಯಕ್ರಿಯೆ ಮುಗಿಸಿ ಬಂದು ಪ್ರಯೋಗಾಲಯದಲ್ಲಿ ಕೂತೆ. ಮೊದಲು ತಟ್ಟೆ. ಎರಡು ದಿನ ಕಾದರೂ ಏನೂ ಬೆಳೆಯಲಿಲ್ಲ, ತಟ್ಟೆ ಸ್ವಚ್ಛ. ಅಂದರೆ ಜೀವಂತ ಬ್ಯಾಕ್ಟೀರಿಯಾ ಒಂದೂ ಇಲ್ಲ. ಆಮೇಲೆ ಬ್ಯಾಕ್ಟೀರಿಯಾದ ಬದಲು ಅದು ಉಗುಳುವ ವಿಷವನ್ನು ಹುಡುಕುವ ಪರೀಕ್ಷೆ ಮಾಡಿದೆ. ಬಣ್ಣವಿಲ್ಲದ ದ್ರವ ವಿಷವಿದ್ದರೆ ನೀಲಿಯಾಗಬೇಕು. ನೋಡನೋಡುತ್ತ ನೀಲಿಯಾಯಿತು, ಕಡು ನೀಲಿ.

ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ವಿದ್ಯಾರ್ಥಿಗಳಿಗೆ ನಾನೇ ಪಾಠ ಮಾಡಿದ್ದೆ. ಈ ಬ್ಯಾಕ್ಟೀರಿಯಾ ಬೆಚ್ಚಗಿನ ಹಾಲಿನಲ್ಲಿ ಬೆಳೆದು ವಿಷ ಬಿಡುತ್ತದೆ. ಹಾಲು ಕಾಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಸಾಯುವುದಿಲ್ಲ. ಒಲೆಯ ಮೇಲೆ ಗಂಟೆಗಟ್ಟಲೆ ಬತ್ತಿದರೂ ಖವಾದಲ್ಲಿ ಉಳಿಯುತ್ತದೆ. ನಮ್ಮ ಪಟ್ಟಿ ಹುಡುಕುತ್ತಿದ್ದುದು ಬ್ಯಾಕ್ಟೀರಿಯಾದ ಮೈಯನ್ನು. ಕಾಯ್ದು ಒಡೆದುಹೋದ ಮೈ ಅದಕ್ಕೆ ಸಿಗಲಿಲ್ಲ. ಸಿಗದಿದ್ದಕ್ಕೆ ‘ಸಿಗಲಿಲ್ಲ’ ಎನ್ನುವ ಬದಲು ‘ಚಲೋ’ ಎಂದಿತು. ಹಾಗೆ ಹೇಳಲು ಅದಕ್ಕೆ ಕಲಿಸಿದವಳು ನಾನು.

ಫಲಿತಾಂಶಗಳನ್ನು ಮುಖ್ಯಸ್ಥರ ಮುಂದಿಟ್ಟೆ. ಅವರು ಕೆಟ್ಟವರಲ್ಲ. ಆಯಿಯ ಸುದ್ದಿ ಕೇಳಿ, ಅಕ್ಕನ ಮನೆಯಲ್ಲಿ ಇನ್ನು ಯಾರಿದ್ದಾರೆಂದು ವಿಚಾರಿಸಿದರು. ಆದರೆ ಹಣ ಕೊಡುವ ಸಂಸ್ಥೆಗೆ ವರದಿ ಹೋಗಬೇಕಿತ್ತು.

‘ನೋಡ್ರಿ, ಹಸಿ ಹಾಲಿಗೆ ಮಾತ್ರ ಅಂತ ಬರದ ಕೊಟ್ಟೀವಿ. ಅವರು ಖವಾಕ್ಕ ಬಳಸ್ಯಾರ. ಬಳಕೆದಾರರ ತಪ್ಪು ಅಂತ ಬರೀರಿ. ಖರೇ ಅದನ ಅಲ್ಲ?’

‘ಯಾಕ ಬಳಸಬಾರದು ಅಂತ ನಾನು ಹೇಳಿರಲಿಲ್ಲ ಸರ್.’

‘ಪ್ರತಿಯೊಬ್ಬರಿಗೂ ಯಾಕ ಅಂತ ಹೇಳ್ಕೋತ ಕುಂತ್ರ ಯಾವ ಸಾಧನಾನೂ ಜನರ ಕೈಗೆ ಮುಟ್ಟೂದಿಲ್ಲ. ವಿಚಾರ ಮಾಡ್ರಿ. ಹಸಿ ಹಾಲಿನ್ಯಾಗ ಇದು ಒಮ್ಮೆನೂ ತಪ್ಪಿಲ್ಲ.’

ಅದೂ ನಿಜವೇ. ವಿಚಾರ ಮಾಡುತ್ತ ನಾಲ್ಕು ದಿನ ಕಳೆದೆ. ಐದನೆಯ ದಿನ ಅಕ್ಕನ ಫೋನು ಬಂತು. ಬೀಗರು ಬಾಣಂತಿಯನ್ನೂ ಕೂಸನ್ನೂ ಅವಧಿಗೆ ಮೊದಲೇ ಕರೆದೊಯ್ದಿದ್ದರು. ‘ಖವಾ ಮಾಡಾಕಿ ಕೈ ಹೊಲಸ, ಹೆತ್ತ ಮಗಳ ಕಾರ್ಯದಾಗ ವಿಷಾ ಉಣಿಸ್ಯಾಳ’ ಎಂದು ಓಣಿಯಲ್ಲಿ ನಿಂತು ಅಂದಿದ್ದರಂತೆ. ಮಿಠಾಯಿ ಅಂಗಡಿಯವರು ಖವಾ ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದರು.

‘ಹಾಲು ಅವರದ ಇತ್ತಲ್ಲ ಅಕ್ಕಾರ. ನೀವು ಹೇಳಲಿಲ್ಲೇನು?’

‘ಹೇಳಿಲ್ರಿ. ನೀವೂ ಹೇಳಬ್ಯಾಡ್ರಿ, ನಿಮ್ಮ ಕಾಲ ಬೀಳ್ತೀನಿ. ನನ್ನ ಮಗಳು ಆ ಮನ್ಯಾಗ ಬಾಳೇ ಮಾಡಬೇಕ್ರಿ.’

ನನ್ನ ನಿರ್ಧಾರ ಆ ಮಾತಿನಲ್ಲೇ ಆಯಿತು. ಹಾಲು ಯಾರದೆಂದು ಹೇಳುವಂತಿಲ್ಲ. ‘ಬಳಕೆದಾರರ ತಪ್ಪು’ ಎಂದು ಬರೆದರೆ ಓಣಿಯ ಮಾತಿಗೆ ಪ್ರಯೋಗಾಲಯವೂ ಮುದ್ರೆ ಒತ್ತಿದಂತೆ. ಉಳಿದದ್ದು ನನ್ನದೇ ತಪ್ಪು, ಮತ್ತು ಅದು ಕಟ್ಟಿದ ಸುಳ್ಳೂ ಆಗಿರಲಿಲ್ಲ. ವರದಿಯಲ್ಲಿ ಹೀಗೆ ಬರೆದೆ: ಸಾಧನವು ವಿಷವನ್ನು ಗುರುತಿಸುವುದಿಲ್ಲ, ಗುರುತಿಸದ ಸಂಗತಿಗೂ ಸುರಕ್ಷಿತವೆಂಬ ಸಂಕೇತ ಕೊಡುವಂತೆ ಅದನ್ನು ರೂಪಿಸಲಾಗಿತ್ತು, ತರಬೇತಿಯಲ್ಲಿ ಈ ಮಿತಿಯನ್ನು ವಿವರಿಸಿರಲಿಲ್ಲ, ಕ್ಷೇತ್ರಪರೀಕ್ಷೆಯನ್ನು ನಿಲ್ಲಿಸಬೇಕು. ಮುಖ್ಯಸ್ಥರು ಎರಡು ಸಲ ಓದಿದರು. ‘ಇದರ ಮ್ಯಾಲೆ ಮುಂದಿನ ಮಂಜೂರಾತಿ ಬರೂದಿಲ್ಲ, ಗೊತ್ತದಲ್ಲ?’ ಅಂದರು. ಗೊತ್ತಿದೆ ಎಂದೆ. ಸಹಿ ಹಾಕಿದರು.

ಆಯಿಯ ದಿನಕರ್ಮದಂದು ಮುಶಿಗೇರಿಗೆ ಹೋದೆ. ಬೀಗರೂ ಬಂದಿದ್ದರು, ಆದರೆ ಆ ಮನೆಯಲ್ಲಿ ನೀರೂ ಮುಟ್ಟದೆ ಕಟ್ಟೆಯ ಮೇಲೆ ಕೂತಿದ್ದರು. ಕೈಯಲ್ಲಿ ಪೆಟ್ಟಿಗೆ ಹಿಡಿದು ಎಲ್ಲರ ನಡುವೆ ನಿಂತು ಹೇಳಿದೆ. ಇದು ನಾವು ಮಾಡಿದ ಸಾಧನ, ಅಕ್ಕ ಇದರಲ್ಲಿ ನೋಡಿಯೇ ಪೇಢೆ ಮಾಡಿದ್ದು, ಇದು ಹಸಿರು ತೋರಿಸಬಾರದಿತ್ತು, ತೋರಿಸಿತು, ತಪ್ಪು ನನ್ನದು. ಕೈ ಹೊಲಸಿದ್ದುದರಿಂದ ಆದದ್ದಲ್ಲ ಎಂದೂ ಹೇಳಿದೆ. ಅಲ್ಲಿಗೆ ನಿಲ್ಲಿಸಿದೆ. ಬೀಗಿತ್ತಿ ತಲೆ ತಗ್ಗಿಸಿದ್ದರು. ಅವರಿಗೆ ತಮ್ಮ ಕ್ಯಾನಿನ ನೆನಪು ಬಂದಿತ್ತೋ ಇಲ್ಲವೋ ನಾನು ಹೇಳಲಾರೆ.

ಒಬ್ಬ ಹಿರಿಯರು ಎದ್ದು, ‘ತಪ್ಪ ನಂದು ಅಂದ್ರ ಆತೇನ್ರಿ? ಹ್ವಾದಾಕಿ ತಿರುಗಿ ಬರ್ತಾಳೇನು?’ ಎಂದರು.

‘ಇಲ್ರಿ’ ಎಂದೆ.

ಅಕ್ಕ ಒಳಗಿನಿಂದ ಬಂದು ನನ್ನ ತೋಳು ಹಿಡಿದು ಕರೆದೊಯ್ದರು. ಅವರ ಮುಖದಲ್ಲಿ ಹಗುರವಾದ ಲಕ್ಷಣ ಕಾಣಬಹುದೆಂದು ನಾನು ಆಸೆಪಟ್ಟಿದ್ದೆ. ‘ಚಲೋ ಮಾಡಿದ್ರಿ’ ಎಂದರು, ಆದರೆ ಕಣ್ಣು ಎಲ್ಲೋ ಇತ್ತು. ‘ಮಂದಿ ಬಾಯಿ ಮುಚ್ಚತೈತ್ರಿ. ಮದಲ್ನೇ ಪೇಢೆ ಆಯಿ ಬಾಯಾಗ ಇಟ್ಟಾಕಿ ನಾನ. ಅದಕ್ಕ ನೀವೇನ ಮಾಡೀರಿ?’

ಮುಂದಿನ ಮಂಜೂರಾತಿ ಮುಖ್ಯಸ್ಥರು ಹೇಳಿದಂತೆಯೇ ಬರಲಿಲ್ಲ. ಪಾಠದ ನಡುವೆ ಸಿಕ್ಕ ವೇಳೆಯಲ್ಲಿ ಕೆಲಸ ಮುಂದುವರಿಸಿದೆ. ಈ ಸಲ ಗುರಿ ವಿಷ. ಅದು ಬ್ಯಾಕ್ಟೀರಿಯಾಕ್ಕಿಂತ ಸಾವಿರ ಪಾಲು ಸಣ್ಣದು, ಅದು ಅಂಟಿಕೊಂಡರೆ ವಿದ್ಯುತ್ತಿಗೆ ಆಗುವ ಅಡ್ಡಿ ಇಲ್ಲವೆನ್ನುವಷ್ಟು ಕಡಿಮೆ. ವಿಷವನ್ನು ಎರಡು ಪ್ರತಿಕಾಯಗಳ ನಡುವೆ ಸಿಕ್ಕಿಸಿ, ಎರಡನೆಯದಕ್ಕೆ ಸಂಕೇತವನ್ನು ಹಿಗ್ಗಿಸುವ ಕಿಣ್ವ ಕಟ್ಟಬೇಕಾಯಿತು. ಖವಾದ ಸಕ್ಕರೆ, ಜಿಡ್ಡು, ಸುಟ್ಟ ಕಣ ಎಲ್ಲವೂ ಮತ್ತೆ ಅಡ್ಡ ಬಂದವು. ಒಂದೂವರೆ ವರ್ಷ ಹಿಡಿಯಿತು. ಈ ಪೆಟ್ಟಿಗೆಯಲ್ಲಿ ಹಸಿರು ದೀಪ ಇಡಲಿಲ್ಲ. ವಿಷ ಸಿಕ್ಕರೆ ಕೆಂಪು. ಸಿಗದಿದ್ದರೆ ಕನ್ನಡ ಅಕ್ಷರದಲ್ಲಿ ‘ಈ ಒಂದು ವಿಷ ಸಿಕ್ಕಿಲ್ಲ’ ಎಂದು ಬರುತ್ತದೆ, ಓದಿ ಹೇಳುವ ದನಿಯೂ ಇದೆ. ಕಾಗದಪತ್ರದಲ್ಲಿ ಅದಿನ್ನೂ ಪ್ರಯೋಗದ ಹಂತದಲ್ಲೇ ಇದೆ.

ಈ ಸಲದ ಶ್ರಾವಣ ಮುಗಿಯುವ ಹೊತ್ತಿಗೆ ಮುಶಿಗೇರಿಗೆ ಹೋಗಿದ್ದೆ. ಅಕ್ಕ ಎಮ್ಮೆಗಳನ್ನು ಕೊಟ್ಟುಬಿಟ್ಟಿದ್ದಾರೆ. ಗಜೇಂದ್ರಗಡದ ಒಂದು ಖಾನಾವಳಿಯಲ್ಲಿ ಮಧ್ಯಾಹ್ನದವರೆಗೆ ರೊಟ್ಟಿ ಬಡಿದು ಬರುತ್ತಾರೆ. ಇದನ್ನೆಲ್ಲ ಬರೆಯಲೇ ಎಂದು ಕೇಳಿದೆ. ‘ಬರೀರಿ. ನನ್ನ ಹೆಸರ, ಬೀಗರ ಊರ ಹೆಸರ ಬ್ಯಾಡ. ಉಳದಿದ್ದೆಲ್ಲಾ ಬರೀರಿ, ಆ ಕ್ಯಾನಿಂದೂ. ಅವರಿಗೆ ಈಗ ಗೊತ್ತೈತಿ’ ಎಂದರು. ಹೊಸ ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದರು.

‘ಅವತ್ತಿನ ಖವಾ ಇದಕ್ಕ ಹಾಕಿದ್ರ ಏನಂತಿತ್ರಿ?’

ಆ ಖವಾದ ಚೂರು ಪ್ರಯೋಗಾಲಯದ ಶೀತಪೆಟ್ಟಿಗೆಯಲ್ಲಿ ಇನ್ನೂ ಇತ್ತು. ಹೊಸ ಪಟ್ಟಿಯ ಮೇಲೆ ಮೊದಲು ಹಾಕಿ ನೋಡಿದ್ದು ಅದನ್ನೇ.

‘ಕೆಂಪ, ಅಕ್ಕಾರ.’

ಅಕ್ಕ ತಲೆಯಾಡಿಸಿದರು. ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದರು. ಕರೀ ಚಹಾ. ಬಟ್ಟಲು ನನ್ನ ಮುಂದಿಟ್ಟು ಎದುರಿಗೆ ಕೂತರು.

‘ಮನ್ಯಾಗ ಹಾಲ ಇಡೂದಿಲ್ರಿ ಈಗ. ಪಂಚಮಿಗೆ ಮಗಳ ಬಂದಿದ್ಲು, ಎರಡ ದಿನಾ ಕಳಿಸಿಕೊಟ್ಟಿದ್ರು. ಕೂಸು ಚಲೋ ಆಗೈತಿ, ಓಡ್ಯಾಡತೈತಿ.’ ಸೆರಗಿನಿಂದ ಬಟ್ಟಲಿನ ಅಂಚು ಒರೆಸಿದರು. ‘ಕೂಸಿಗೆ ಕುಡಿಸೂ ಹಾಲು ಅಲ್ಲಿಂದನ ಬಾಟಲ್ಯಾಗ ತಂದಿದ್ಲು.’